ಟ್ರಾಲಿ ಎಳೆಯಲು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ: ಮಲೆನಾಡಿನ ಏರಿಗೆ ಯಾವುದು ಸರಿ?

ಅಡಿಕೆ ಕೊನೆ ಕೊಯ್ಲಿನ ದಿನ ಹತ್ತಿರ ಬಂತೆಂದರೆ ನಮ್ಮ ಕಡೆ ಒಂದು ಮಾತು ಶುರುವಾಗುತ್ತದೆ. ಟ್ರ್ಯಾಕ್ಟರ್ ಇಡುವಷ್ಟು ಜಮೀನಿಲ್ಲ. ಪಿಕಪ್ ತಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದುವೆ ಮುಂಜಿಗೆ ಹೋಗಲಾಗದು. ಬೆಳಿಗ್ಗೆ ತೋಟದಿಂದ ಅಂಗಳಕ್ಕೆ ಅಡಿಕೆ ಟ್ರಾಲಿ ಎಳೆದು, ಮಧ್ಯಾಹ್ನ ಅಮ್ಮನನ್ನು ತೀರ್ಥಹಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುವಂಥ ಒಂದೇ ಗಾಡಿ ಬೇಕು. ಹೊಸದಕ್ಕೆ ದುಡ್ಡು ಸಾಲದು. ಹಳೇದರಲ್ಲಿ ಯಾವುದು ತಗೊಳ್ಳಲಿ?

ಹೀಗೆ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆ ಏರು ಎಷ್ಟಿದೆ?

ಇದನ್ನು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಗಾರೆ ಕೆಲಸದವರ ಹತ್ತಿರ ಇರುವ ನೀರಿನ ಲೆವೆಲ್ ಪೈಪ್ ಸಾಕು. 10 ಅಡಿಗೆ 1 ಅಡಿ ಏರುವ ದಾರಿಯಲ್ಲಿ ಪ್ರತಿ ಟನ್ ಭಾರಕ್ಕೂ ಸುಮಾರು 100 ಕೆಜಿಯಷ್ಟು ಎಳೆತ ಬೇಕು. 5 ಅಡಿಗೆ 1 ಅಡಿ ಏರಿದರೆ ಅದು ಸುಮಾರು 200 ಕೆಜಿ. 2 ಟನ್ ಗಾಡಿ, 1 ಟನ್ ಟ್ರಾಲಿ ಎಂದಿಟ್ಟುಕೊಂಡರೆ ಅಂಥ ಏರಿನಲ್ಲಿ ಹತ್ತಿರ ಹತ್ತಿರ 600 ಕೆಜಿ ಎಳೆತ. ಇದು ಗಟ್ಟಿ ನೆಲದ ಲೆಕ್ಕ, ಕೆಸರು ಹಿಡಿದೆಳೆಯುವುದು ಇದರ ಮೇಲೆ. ಇನ್ನು ಟ್ರಾಲಿ 1 ಟನ್ ಮುಟ್ಟುವುದಕ್ಕೆ ಹೆಚ್ಚೇನೂ ಬೇಡ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ತುಂಬಿದ 200 ಲೀಟರಿನ ಡ್ರಮ್ಮು 4 ಇಟ್ಟರೆ ಅದೇ 800 ಕೆಜಿ. ಪಂಪು, ಪೈಪು, ಟ್ರಾಲಿಯ ಸ್ವಂತ ತೂಕ ಸೇರಿದರೆ ಟನ್ ದಾಟಿತು.

ಕೇಳುವವರ ಮನಸ್ಸೆಲ್ಲ ಏರು ಹತ್ತಿಸುವುದರಲ್ಲೇ ಇರುತ್ತದೆ. ನನಗೆ ಭಯ ಇರುವುದು ಇಳಿಯುವಾಗ. ಏರಿನಲ್ಲಿ ಗಾಡಿ ಸೋತರೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಸೋತರೆ ಹಿಂದಿನ ಟನ್ ಭಾರ ಅದನ್ನು ನೂಕಿಕೊಂಡು ಹೋಗುತ್ತದೆ. ಹಾಗಾಗಿ ಎಷ್ಟು ಎಳೆಯುತ್ತದೆ ಅನ್ನುವುದಕ್ಕಿಂತ ಎಷ್ಟು ಹಿಡಿದು ನಿಲ್ಲುತ್ತದೆ ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

ಮೊದಲು ಕೈಬಿಡಬೇಕಾದವು

ನೋಡಲಿಕ್ಕೆ ಎಸ್‌ಯುವಿ, ಆದರೆ ಎಂಜಿನ್ನಿನ ಬಲವೆಲ್ಲ ಮುಂದಿನ ಚಕ್ರಕ್ಕೆ ಹೋಗುವ, ಕೆಳಗೆ ಬೇರೆ ಚಾಸಿ (ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಇಲ್ಲದ ಗಾಡಿಗಳನ್ನು ಈ ಕೆಲಸಕ್ಕೆ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ. ಟ್ರಾಲಿಯ ಮೂತಿ ಗಾಡಿಯ ಹಿಂಭಾಗವನ್ನು ಒತ್ತಿ ಅದರ ಮುಂಭಾಗವನ್ನು ಎತ್ತುತ್ತದೆ. ಎಳೆಯಬೇಕಾದ ಮುಂದಿನ ಚಕ್ರಗಳ ಮೇಲೆ ಭಾರವೇ ಉಳಿಯುವುದಿಲ್ಲ.

ನಾವು ಮೊದಲು ತಂದಿದ್ದು ಅಂಥದ್ದೇ ಒಂದು ಗಾಡಿ. ಮೊದಲ ಸಲ ಔಷಧಿ ಹೊಡೆಸಿದ ಮೇಲೆ ಮಳೆ ಬಿಡಲೇ ಇಲ್ಲ. ಎರಡನೇ ಸಲಕ್ಕೆ ಶ್ರಾವಣದಲ್ಲಿ ಒಂದು ದಿನ ಹೊಳವಾಯಿತು. ಅವಸರದಲ್ಲಿ 3 ಡ್ರಮ್ ಟ್ರಾಲಿಗೇರಿಸಿ ಮನೆ ಏರು ಹತ್ತಿಸಿದೆವು. ಅರ್ಧ ಏರಿನಲ್ಲಿ, ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ, ಮುಂದಿನ ಎರಡೂ ಚಕ್ರ ನಿಂತಲ್ಲೇ ತಿರುಗತೊಡಗಿದವು. ಬ್ರೇಕ್ ಒತ್ತಿದರೂ ಗಾಡಿ ಹಿಂದಕ್ಕೆ ಜಾರಿತು. ಟ್ರಾಲಿ ಅಡ್ಡಕ್ಕೆ ಮಡಚಿಕೊಂಡು ದಾರಿ ಪಕ್ಕದ ಧರೆಗೆ (ಮಣ್ಣಿನ ದಿಬ್ಬಕ್ಕೆ) ಹೊಡೆದು ನಿಂತಿತು. ಒಂದು ಡ್ರಮ್ ಉರುಳಿ ಚರಂಡಿಯ ತುಂಬಾ ನೀಲಿ ನೀರು. ಟ್ರಾಲಿ ಹಿಂದೆ ನಡೆದು ಬರುತ್ತಿದ್ದ ಇಬ್ಬರೂ ಪಕ್ಕಕ್ಕೆ ಹಾರಿಕೊಂಡರು. ಅವರಿಗೇನಾದರೂ ಆಗಿದ್ದರೆ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಆದ್ದರಿಂದ ಚಾಸಿ ಇರಬೇಕು, ಹಿಂದಿನ ಚಕ್ರಕ್ಕೆ ಬಲ ಹೋಗಬೇಕು, ಸಾಧ್ಯವಿದ್ದರೆ ಲೋ ಗೇರ್ ಇರುವ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಏರ್ಪಾಡು, ಇರಬೇಕು. ಲೋ ಗೇರಿನ ಬೆಲೆ ಇಳಿಯುವಾಗ ಗೊತ್ತಾಗುತ್ತದೆ. ಹಳೆಯ ಥಾರ್‌ನಲ್ಲಿ ಲೋ ಹಾಕಿದರೆ ಅದೇ ಎಂಜಿನ್ ವೇಗಕ್ಕೆ ಚಕ್ರ ಸುಮಾರು ಎರಡೂವರೆ ಪಟ್ಟು ನಿಧಾನವಾಗಿ ತಿರುಗುತ್ತದೆ. ಮೊದಲನೇ ಗೇರಿನಲ್ಲಿ ಬಿಟ್ಟರೆ ಬ್ರೇಕ್ ಮುಟ್ಟದೆಯೇ ಗಾಡಿ ಟ್ರಾಲಿಯನ್ನು ಹಿಡಿದುಕೊಂಡು ಇಳಿಯುತ್ತದೆ. ಒಂದು ಎಚ್ಚರ ಇರಲಿ: ಇಂಥ ಗಾಡಿಗಳಲ್ಲಿ ಫೋರ್ ವೀಲ್ ಇರುವುದು ಮಣ್ಣು, ಕೆಸರು, ಜಾರುವ ನೆಲಕ್ಕೆ. ಒಣಗಿದ ಟಾರು ರಸ್ತೆಯಲ್ಲಿ ಹಾಕಿಕೊಂಡು ತಿರುವು ತೆಗೆದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಒಳಗಿನ ಸಾಮಾನು ಹಾಳಾಗುತ್ತದೆ.

ಜೀಪು, ಹಳೆಯ ಥಾರ್

ಮೇಜರ್, ಕಮಾಂಡರ್ ಜೀಪುಗಳ ಋಣ ನಮ್ಮೂರಿನ ಮೇಲೆ ಬಹಳ ಇದೆ. ಈಗಲೂ ತೋಟದೊಳಗಿನ ಕೆಲಸಕ್ಕೆ ಮಾತ್ರವಾದರೆ, ಮನೆ ಹತ್ತಿರ ಒಳ್ಳೆ ಮೆಕ್ಯಾನಿಕ್ ಇದ್ದರೆ, ಅವುಗಳಿಗೆ ಸಾಟಿಯಿಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಪಂಪ್ ರಿಪೇರಿ ಮಾಡುವವರು ಹತ್ತಿರದ ಪೇಟೆಯಲ್ಲೇ ಸಿಗುತ್ತಾರೆ. ತೊಡಕು ಕಾಗದದ್ದು. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಿಂದ ಆ ಶುಲ್ಕ ಕಾರುಗಳಿಗೆ 600 ರೂಪಾಯಿಯಿಂದ 5000ಕ್ಕೆ ಏರಿತು. ಅದರ ಮೇಲೆ ಹಸಿರು ತೆರಿಗೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ಗಾಡಿಯೂ ಅದೇ ಆಗಬೇಕೆಂದರೆ ಜೀಪು ಬೇಡ.

2010ರಿಂದ 2019ರವರೆಗೆ ಬಂದ ಥಾರ್ ಸಿಆರ್‌ಡಿಇ ಜೀಪಿನ ನಿಜವಾದ ವಾರಸುದಾರ. 2.5 ಲೀಟರ್ ಎಂಜಿನ್, 105 ಬಿಎಚ್‌ಪಿ, 247 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), ಹಿಂದೆ ಪಾಟಾ (ಪಟ್ಟಿ ಸ್ಪ್ರಿಂಗ್). ಇದೇ ಥಾರ್‌ನಲ್ಲಿ ಡಿಐ ಎನ್ನುವ 63 ಬಿಎಚ್‌ಪಿಯದೂ ಇದೆ, ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣದು, ಆರ್‌ಸಿ ನೋಡಿಯೇ ಮಾತಾಡಿ. ಏರು ಹತ್ತುವುದರಲ್ಲಿ ಥಾರ್‌ನ ಬಗ್ಗೆ ಎರಡು ಮಾತಿಲ್ಲ. ಆದರೆ ಗಾಡಿ ಮೋಟು. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಅಂತರ ಕಡಿಮೆಯಾದಷ್ಟೂ ಟ್ರಾಲಿ ಅಲುಗಾಡಿದಾಗ ಗಾಡಿಯೂ ಅದರ ಜೊತೆ ಅಲುಗುತ್ತದೆ. ತೋಟದೊಳಗೆ ಇದು ಲೆಕ್ಕಕ್ಕಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗ ಮಂಡಿಗೆ ತುಂಬಿದ ಟ್ರಾಲಿ ಎಳೆದು 60 ಕಿಲೋಮೀಟರ್ ಹೋಗುವವರಿಗೆ ಲೆಕ್ಕಕ್ಕಿದೆ. ಬೆಲೆಯೂ ಇಳಿಯುವುದಿಲ್ಲ, ಹಳೆಯದಾದರೂ ಮಾಲೀಕರು ಗಟ್ಟಿಯಾಗಿ ಕೇಳುತ್ತಾರೆ.

ಬೊಲೆರೊ

ಬೊಲೆರೊ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಪ್ರತಿ ಊರಲ್ಲೂ ನಾಲ್ಕಿವೆ. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ, ಹಿಂದೆ ಪಾಟಾ ಇದೆ, ಚಾಸಿ ಇದೆ. ಹಳೆಯ 2.5 ಲೀಟರಿನದು 63 ಬಿಎಚ್‌ಪಿ. 2016ರಲ್ಲಿ ಬಂದ ಪವರ್ ಪ್ಲಸ್‌ನದು 1.5 ಲೀಟರ್, 70 ಬಿಎಚ್‌ಪಿ. ಟ್ರಾಲಿಗೆ ನಾನು ಹಳೆಯ ದೊಡ್ಡ ಎಂಜಿನ್ನನ್ನೇ ಆರಿಸುತ್ತೇನೆ, ಕಡಿಮೆ ವೇಗದಲ್ಲಿ ಅದರ ಎಳೆತ ಹೆಚ್ಚು ನಿರಾಳ. ಕೊರತೆ ಎಂದರೆ ಸಿಗುವುದೆಲ್ಲ ಬಹುಪಾಲು ಟು ವೀಲ್, ಎರಡೇ ಚಕ್ರಕ್ಕೆ ಬಲ ಹೋಗುವಂಥದ್ದು. ಫೋರ್ ವೀಲ್ ಬೊಲೆರೊ ಬಂದಿದೆ, ಹುಡುಕಿದರೆ ಕ್ಯಾಂಪರ್ ಪಿಕಪ್ಪಿನಲ್ಲೂ ಸಿಗುತ್ತದೆ, ಆದರೆ ವಿರಳ. ನಿಮ್ಮ ಏರು 10ಕ್ಕೆ 1ರ ಒಳಗಿದ್ದು, ಭಾರ ಅರ್ಧ ಟನ್ ಆಸುಪಾಸಿದ್ದರೆ ಟು ವೀಲ್ ಬೊಲೆರೊ ಸಾಕು. ಸೊರಬ, ಶಿಕಾರಿಪುರದ ಕಡೆಯ ಸಮತಟ್ಟು ದಾರಿಯವರು ಇದಕ್ಕಿಂತ ಹೆಚ್ಚು ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಸ್ಕಾರ್ಪಿಯೋ ಮತ್ತು ಸಫಾರಿ ಸ್ಟಾರ್ಮ್

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ. ಮನೆಗೂ ಆಗುತ್ತದೆ, ತೋಟಕ್ಕೂ ಆಗುತ್ತದೆ.

ಸ್ಕಾರ್ಪಿಯೋದಲ್ಲಿ 2.2 ಲೀಟರ್ ಎಂಹಾಕ್ ಎಂಜಿನ್ ಇರುವುದನ್ನೇ ಹುಡುಕಿ. 2014ರ ಹೊಸ ರೂಪದಲ್ಲಿ ಅದು 120 ಬಿಎಚ್‌ಪಿ, 280 ಎನ್‌ಎಂ ಇತ್ತು. 2017ರ ಕೊನೆಗೆ ಮೇಲಿನ ಮಾದರಿಗಳಲ್ಲಿ 140 ಬಿಎಚ್‌ಪಿ, 320 ಎನ್‌ಎಂ ಆಯಿತು. ಇಲ್ಲೊಂದು ಕಡೆ ಎಡವುವವರು ಬಹಳ. ಎಸ್2, ಎಸ್3 ಮಾದರಿಗಳು ಅದೇ ಮೈಕಟ್ಟಿನವಾದರೂ ಒಳಗಿರುವುದು 2.5 ಲೀಟರಿನ 75 ಬಿಎಚ್‌ಪಿ ಎಂಜಿನ್. ಕಡಿಮೆ ಬೆಲೆಗೆ ಸ್ಕಾರ್ಪಿಯೋ ಸಿಕ್ಕಿತೆಂದು ಹಿಗ್ಗಿ ತಂದವರು ಟ್ರಾಲಿ ಕಟ್ಟಿದ ದಿನ ಪೇಚಾಡುತ್ತಾರೆ. ಸ್ಕಾರ್ಪಿಯೋದ ದೊಡ್ಡ ಬಲ ಅದರ ಬಳಕೆ. ರಿಪ್ಪನ್‌ಪೇಟೆಯಲ್ಲಿ ಕೆಟ್ಟು ನಿಂತರೂ ಅಲ್ಲೇ ಕೈ ಹಾಕುವವರು ಸಿಗುತ್ತಾರೆ. ಅದೇ ಕಾರಣಕ್ಕೆ ಬೆಲೆಯೂ ಮೇಲೇ ನಿಂತಿರುತ್ತದೆ. ಹಿಂದಿನ ಬ್ರೇಕ್ ಡ್ರಮ್.

ಸಫಾರಿ ಸ್ಟಾರ್ಮ್ 2012ರಲ್ಲಿ ಬಂದು 2019ಕ್ಕೆ ನಿಂತುಹೋಯಿತು. ಅದೂ 2.2 ಲೀಟರ್, ಆರಂಭದಲ್ಲಿ 140 ಪಿಎಸ್ (ಬಿಎಚ್‌ಪಿಗೆ ಬಹಳ ಹತ್ತಿರದ ಅಳತೆ), 320 ಎನ್‌ಎಂ. 2015ರ ಕೊನೆಗೆ ಬಂದ ವೇರಿಕೋರ್ 400ರಲ್ಲಿ ಟಾರ್ಕ್ 400 ಎನ್‌ಎಂ. ಗಾಡಿಯೇ 2 ಟನ್ ಆಸುಪಾಸು ತೂಗುತ್ತದೆ. ಎಳೆಯುವ ಗಾಡಿ ಎಳೆಸಿಕೊಳ್ಳುವುದಕ್ಕಿಂತ ಭಾರವಿದ್ದಷ್ಟೂ ಹಿಡಿತ ಹೆಚ್ಚು, ಆದ್ದರಿಂದ ಈ ತೂಕ ನಮಗೆ ಲಾಭ. ನನ್ನನ್ನು ಇದರ ಕಡೆ ಎಳೆದದ್ದು ನಾಲ್ಕೂ ಚಕ್ರದ ಡಿಸ್ಕ್ ಬ್ರೇಕ್. ನೀರು ಹರಿಯುವ ದಾರಿಯಲ್ಲಿ ಡ್ರಮ್ ಒಳಗೆ ನೀರು, ಕೆಸರು ಸೇರಿದರೆ ಒಣಗುವವರೆಗೆ ಬ್ರೇಕ್ ಹಿಡಿಯುವುದು ಕಷ್ಟ. ಡಿಸ್ಕ್ ಬೇಗ ಒದರಿಕೊಳ್ಳುತ್ತದೆ. ಉದ್ದದ ಇಳಿಜಾರಿನಲ್ಲಿ ಬಿಸಿ ಬಿಟ್ಟುಕೊಡುವುದರಲ್ಲೂ ಡಿಸ್ಕೇ ಮೇಲು.

ಉತ್ಪಾದನೆ ನಿಂತ ಗಾಡಿ ಎಂಬ ಕಾರಣಕ್ಕೆ ಸ್ಟಾರ್ಮ್‌ಗೆ ಸೆಕೆಂಡ್ ಹ್ಯಾಂಡ್ ಬೆಲೆ ಚೆನ್ನಾಗಿ ಬಿದ್ದಿದೆ. ಕೊಟ್ಟ ದುಡ್ಡಿಗೆ ಸಿಗುವ ಎಳೆತ ನೋಡಿದರೆ ಇದನ್ನು ಮೀರಿಸುವುದು ನನಗೆ ಕಂಡಿಲ್ಲ. ಆದರೆ ಎಲೆಕ್ಟ್ರಿಕಲ್ ಕಿರಿಕಿರಿ ಸಹಿಸುವ ತಾಳ್ಮೆ ಬೇಕು, ಕೆಲವು ಬಿಡಿಭಾಗಕ್ಕೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೇಳಿ ತರಿಸಬೇಕು. ಗಾಡಿ ಒಂದು ವಾರ ನಿಂತರೆ ಮನೆ ಕೆಲಸವೇ ನಿಲ್ಲುತ್ತದೆ ಎನ್ನುವವರು ಸ್ಕಾರ್ಪಿಯೋಗೇ ಹೋಗಲಿ. ನಮ್ಮ ಮನೆಯಲ್ಲಿ ಓಡಾಟಕ್ಕೆ ಬೇರೆ ಸಣ್ಣ ಕಾರಿದೆ, ಏರು ಕಡಿದಾಗಿದೆ. ನಾವು ಸ್ಟಾರ್ಮ್ ಫೋರ್ ವೀಲ್ ತಂದೆವು.

ಅದಕ್ಕೂ ಮೇಲಿನವು

ಫಾರ್ಚುನರ್ ಬಲಕ್ಕೆ ಕೊರತೆಯಿಲ್ಲ. 2009ರಿಂದ ಬಂದ 3 ಲೀಟರಿನದು 343 ಎನ್‌ಎಂ, 2016ರ ಕೊನೆಗೆ ಬಂದ 2.8 ಲೀಟರಿನದು ಮ್ಯಾನುಯಲ್‌ನಲ್ಲಿ 420, ಆಟೋಮ್ಯಾಟಿಕ್‌ನಲ್ಲಿ 450. ಆದರೆ ಹೆಸರಿಗೆ ಕೊಡುವ ದುಡ್ಡೇ ಬಹಳ. 2012ರ ನಂತರ ಟು ವೀಲ್ ಕೂಡ ಇದೆ, ಕೇಳಿಕೊಳ್ಳಿ.

ಫೋರ್ಡಿನ ಎಂಡೆವರ್ 3.2 ಲೀಟರಿನದು 5 ಸಿಲಿಂಡರ್, 470 ಎನ್‌ಎಂ, ಎಳೆಯಲಿಕ್ಕೇ ಹುಟ್ಟಿದ ಗಾಡಿ. ಎವರೆಸ್ಟ್ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾದಲ್ಲಿ ಅದಕ್ಕೆ, ಬ್ರೇಕ್ ಇರುವ ಟ್ರೇಲರ್ ಆದರೆ, 3000 ಕೆಜಿ ಎಳೆಯುವ ಅನುಮತಿ ಇತ್ತು. ಆ ಅಂಕಿಯನ್ನು ಇಲ್ಲಿ ಹೇಳಿ ಮಾರುವವರಿದ್ದಾರೆ. ಅಲ್ಲಿಯ ಹುಕ್, ಅಲ್ಲಿಯ ಟ್ರೇಲರ್ ಬ್ರೇಕ್ ಸೇರಿದ ಲೆಕ್ಕ ಅದು, ನಮ್ಮೂರ ವೆಲ್ಡಿಂಗ್ ಶಾಪಿನ ಟ್ರಾಲಿಗೆ ಹೊಂದುವುದಿಲ್ಲ. ಫೋರ್ಡ್ 2021ರಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಬೆಲೆ ಇಳಿದಿದೆ, ಬಿಡಿಭಾಗದ ಖರ್ಚು ಇಳಿದಿಲ್ಲ. ಇಸುಜು ವಿ-ಕ್ರಾಸ್ ಹಿಂದೆ ಪಾಟಾ ಇರುವ ಗಟ್ಟಿ ಗಾಡಿ, 5 ಜನ ಕೂರಬಹುದು, ಹಿಂದಿನ ತೊಟ್ಟಿಯಲ್ಲೇ ಅರ್ಧ ಸಾಮಾನು ಹೋಗುವುದರಿಂದ ಟ್ರಾಲಿಯ ಅಗತ್ಯವೇ ಕಡಿಮೆಯಾಗುತ್ತದೆ. ಸರ್ವಿಸ್ ಹತ್ತಿರ ಇದೆಯೇ ನೋಡಿಕೊಳ್ಳಿ.

ಬಿಎಸ್4 ಇರಲಿ, ಬಿಎಸ್6 ಯಾರಿಗೆ?

ಬಿಎಸ್ ಎಂದರೆ ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಿತಿ. 2020ರ ಏಪ್ರಿಲ್ 1ರ ನಂತರದ್ದು ಬಿಎಸ್6. ಆ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಡಿಪಿಎಫ್ ಇರುತ್ತದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡುವಾಗ ಸುಟ್ಟುಹಾಕುವ ಜಾಲರಿ ಅದು. ಮನೆಯಿಂದ ತೋಟಕ್ಕೆ ಅರ್ಧ ಕಿಲೋಮೀಟರ್, ತೋಟದಿಂದ ಅಂಗಳಕ್ಕೆ ಅರ್ಧ ಕಿಲೋಮೀಟರ್ ಓಡುವ ಗಾಡಿಗೆ ಆ ಬಿಸಿ ಬರುವುದೇ ಇಲ್ಲ. ಮಸಿ ಕಟ್ಟಿ ಎಚ್ಚರಿಕೆ ದೀಪ ಹತ್ತುತ್ತದೆ, ಆಮೇಲೆ ಗ್ಯಾರೇಜಿನ ದಾರಿ. ವಾರಕ್ಕೊಮ್ಮೆಯಾದರೂ ಶಿವಮೊಗ್ಗದವರೆಗೆ ಹೆದ್ದಾರಿಯಲ್ಲಿ ಓಡಿಸುವವರಿಗೆ ಈ ತೊಂದರೆ ಅಷ್ಟಾಗಿ ಬಾರದು. ತೋಟವೇ ಮುಖ್ಯವಾದವರಿಗೆ 2020ರ ಹಿಂದಿನದೇ ಹಿತ.

ಎಲ್ಲಿಂದ ತರಬೇಕು

ನಂಬರ್ ಪ್ಲೇಟ್ ಬಹಳ ಹೇಳುತ್ತದೆ. ಕೆಎ 19, 20, 30 ಎಂದಿದ್ದರೆ ಮಂಗಳೂರು, ಉಡುಪಿ, ಕಾರವಾರ. ಕಡಲ ಗಾಳಿಯ ಉಪ್ಪು ಚಾಸಿಯನ್ನು ಒಳಗಿನಿಂದ ತಿನ್ನುತ್ತದೆ. ನಮ್ಮ ಕೆಎ 14, 15ರ ಗಾಡಿಗೆ ಉಪ್ಪಿಲ್ಲದಿದ್ದರೂ ಕೆಸರು, ತೇವ ಇದ್ದೇ ಇದೆ. ಆಗುಂಬೆ, ಹುಲಿಕಲ್ ಸುತ್ತಿನ ಮಳೆಯಲ್ಲಿ ಹತ್ತು ವರ್ಷ ನಿಂತ ಗಾಡಿ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಚಿತ್ರದುರ್ಗದ 16, ದಾವಣಗೆರೆಯ 17, ಧಾರವಾಡದ 25 ಒಣ ನೆಲದವು, ಮೊದಲು ಅಲ್ಲಿ ಹುಡುಕಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ದೊಡ್ಡ ದೊಡ್ಡ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದಿವೆ. ಅಗ್ಗ ಎಂದು ತಂದರೆ ಎನ್‌ಒಸಿ, ಇಲ್ಲಿಯ ಜೀವಿತಾವಧಿ ತೆರಿಗೆ, ಮರುನೋಂದಣಿ ಎಲ್ಲ ಸೇರಿಸಿ ಲೆಕ್ಕ ಹಾಕಿ. ಆಮೇಲೆಯೂ ಅಗ್ಗವೇ ಇದ್ದರೆ ಸರಿ.

ನೋಡುವ ಬಗೆ

ನಾನು ಶಿವಮೊಗ್ಗದಲ್ಲಿ ಮೊದಲು ನೋಡಿದ ಸ್ಟಾರ್ಮ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಂಗಡ ಕೊಡಲು ಕೈ ಜೇಬಿಗೆ ಹೋಗಿತ್ತು. ಜೊತೆಗೆ ಬಂದಿದ್ದ ಸಾಗರದ ಭಾವ, "ಬಣ್ಣ ಎಂತಕ್ಕೆ ನೋಡ್ತೀಯ ಮಾರಾಯ, ಅಡಿಗೆ ನುಗ್ಗು" ಎಂದು ತಾನೇ ಗೋಣಿ ಹಾಸಿಕೊಂಡು ಮಲಗಿದ. ಚಾಸಿಗೆ ಹೊಸದಾಗಿ ಕಪ್ಪು ಬಳಿದಿತ್ತು. ಸಣ್ಣ ಸುತ್ತಿಗೆಯಲ್ಲಿ ಮುಂದಿನಿಂದ ತಟ್ಟುತ್ತಾ ಬಂದ. ಠಣ್, ಠಣ್, ಠಣ್. ಸ್ಟೆಪ್ನಿ ನೇತಾಡುವ ಜಾಗದ ಹತ್ತಿರ ಬಂದಾಗ ಸದ್ದು ಡಬ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರೆ ಕಪ್ಪು ಬಣ್ಣದ ಜೊತೆ ಕೆಂಪು ಪುಡಿ ಉದುರಿ ತುದಿ ಒಳಗೆ ಹೋಯಿತು. ಅದರ ಹಿಂದೆ ಬೇರೆ ತಗಡು ಇಟ್ಟು ವೆಲ್ಡ್ ಮಾಡಿದ್ದರು. ಟ್ರಾಲಿಯ ಎಳೆತವೆಲ್ಲ ಬೀಳುವುದು ಸರಿಯಾಗಿ ಆ ಜಾಗಕ್ಕೆ. ಮಾರುವವರಿಗೆ ಅದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಹಾಗಾಗಿ ಮೊದಲು ಚಾಸಿ. ಅಲ್ಲಿ ಕೊಳೆತಿದ್ದರೆ ಮುಂದೆ ನೋಡಲೇಬೇಡಿ. ಆಮೇಲೆ ಎಂಜಿನ್. ಬೆಳಿಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಎಷ್ಟು ಹೊತ್ತು ತಿರುಗಿ ಹಿಡಿಯುತ್ತದೆ, ಹೊಗೆ ಯಾವ ಬಣ್ಣ ಎಂದು ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರಿನದೋ ಹೆಡ್ ಗ್ಯಾಸ್ಕೆಟ್ಟಿನದೋ ದೋಷ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ಅಲ್ಲಿಂದ ಹೊಗೆ ಪುಸ್ ಪುಸ್ ಎಂದು ಒತ್ತಿ ಬಂದರೆ ಪಿಸ್ಟನ್ ರಿಂಗ್ ಸವೆದಿವೆ.

ಕ್ಲಚ್ ನೋಡಲು ಹ್ಯಾಂಡ್ ಬ್ರೇಕ್ ಗಟ್ಟಿ ಎಳೆದು, ಮೂರನೇ ಗೇರ್ ಹಾಕಿ, ನಿಧಾನ ಪೆಡಲ್ ಬಿಡಿ. ಎಂಜಿನ್ ಕೂಡಲೇ ನಿಲ್ಲಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಹಿಂದಿನ ಆಕ್ಸಲ್ ಹೌಸಿಂಗಿನ ನಟ್ ಬಿಚ್ಚಿಸಿ ಬೆರಳು ಅದ್ದಿ. ಆಯಿಲ್ ಹಾಲು ಹಾಕಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಹೋಗಿದೆ, ಗಾಡಿ ಹೊಳೆಯಲ್ಲೋ ನೆರೆಯಲ್ಲೋ ಮುಳುಗಿ ಎದ್ದಿದೆ. ಫೋರ್ ವೀಲ್ ದೀಪ ಹತ್ತಿದ್ದಕ್ಕೇ ತೃಪ್ತರಾಗಬೇಡಿ. ಮಣ್ಣಿನ ಮೇಲೆ ನಿಲ್ಲಿಸಿ, ಹೈ, ಲೋ ಎರಡನ್ನೂ ಹಾಕಿ, ಮುಂದಿನ ಚಕ್ರ ನಿಜವಾಗಿ ಎಳೆಯುತ್ತದೆಯೇ ನೋಡಿ. ಪೇಟೆಯ ಮಾಲೀಕರು ವರ್ಷಗಟ್ಟಲೆ ಅದನ್ನು ಮುಟ್ಟಿರುವುದೇ ಇಲ್ಲ.

ಕಾಗದ

ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಸಾಲ ತೀರಿತೆನ್ನುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರಂ 29, 30. ಹೊರರಾಜ್ಯದ್ದಾದರೆ ಎನ್‌ಒಸಿಗೆ ಫಾರಂ 28. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಟ್ರೇಲರ್ ಕೂಡ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವೇ. ಸಾರ್ವಜನಿಕ ರಸ್ತೆಗೆ ಇಳಿಸುವುದಾದರೆ ಅದಕ್ಕೂ ನೋಂದಣಿ ಬೇಕು, ಇನ್ಶೂರೆನ್ಸಿನಲ್ಲಿ ಅದರ ಹೆಸರು ಬೇಕು. ಗಾಡಿಯ ಮ್ಯಾನುಯಲ್‌ನಲ್ಲಿ ಎಳೆಯುವ ಬಗ್ಗೆ ಏನು ಬರೆದಿದೆ ಓದಿ, ಬೇಡ ಎಂದಿದ್ದರೆ ಆ ಗಾಡಿ ಬೇಡ. ಖಾಸಗಿ ಗಾಡಿಯಲ್ಲಿ ಬಾಡಿಗೆಗೆ ಬೇರೆಯವರ ಅಡಿಕೆ ಸಾಗಿಸಲು ಹೋಗಬೇಡಿ. ಅಪಘಾತವಾದರೆ ಇನ್ಶೂರೆನ್ಸಿನವರು ಕೈಯೆತ್ತುತ್ತಾರೆ.

ಟ್ರಾಲಿಯ ಕಡೆಗೂ ನೋಡಿ

ಹುಕ್ಕನ್ನು ಬಂಪರಿಗೆ ಹಾಕಿಸಬೇಡಿ. ಚಾಸಿಯ ಎರಡೂ ಕಡೆಯ ತೊಲೆಗೆ ಬೋಲ್ಟ್ ಹಾಕಿ ಕೂರಿಸಬೇಕು. ವೆಲ್ಡ್ ಬೇಡ, ಆ ಬಿಸಿಗೆ ಚಾಸಿಯ ಕಬ್ಬಿಣ ಸೊರಗುತ್ತದೆ. ಭಾರ ಹೇರುವಾಗ ಒಟ್ಟು ತೂಕದ ಹತ್ತನೇ ಒಂದು ಪಾಲು ಟ್ರಾಲಿಯ ಮೂತಿಯ ಮೇಲೆ ಬೀಳುವಂತಿರಲಿ. ಹಿಂದೆ ಭಾರವಾದರೆ ವೇಗದಲ್ಲಿ ಟ್ರಾಲಿ ಹಾವಿನ ಹಾಗೆ ಹರಿದಾಡುತ್ತದೆ. ಮನೆಯ ಬಚ್ಚಲ ತಕ್ಕಡಿಯನ್ನು ಮೂತಿಯ ಕೆಳಗಿಟ್ಟರೆ ಲೆಕ್ಕ ಸಿಗುತ್ತದೆ. ಕೊಕ್ಕೆಯ ಜೊತೆಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ. ಪಿನ್ನು ಕಳಚಿದರೂ ಮೂತಿ ನೆಲಕ್ಕೆ ಕುಸಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಬ್ರೇಕ್ ಇಲ್ಲದ ಟ್ರಾಲಿಗೆ ಅರ್ಧ ಟನ್‌ಗಿಂತ ಹೆಚ್ಚು ನಾನು ಹೇರುವುದಿಲ್ಲ. ಓವರ್‌ರನ್ ಬ್ರೇಕ್ ಎಂದು ಸಿಗುತ್ತದೆ. ಗಾಡಿ ನಿಧಾನಿಸಿದಾಗ ಟ್ರಾಲಿ ಮುಂದಕ್ಕೆ ನೂಕುತ್ತದಲ್ಲ, ಆ ನೂಕುವಿಕೆಯೇ ಟ್ರಾಲಿಯ ಚಕ್ರಕ್ಕೆ ಬ್ರೇಕ್ ಒತ್ತುತ್ತದೆ. ನಮ್ಮ ಟ್ರಾಲಿಗೆ ಅದನ್ನು ಹಾಕಿಸಿದ ಮೇಲೆ ಮೊದಲ ದಿನ ಖಾಲಿ ಟ್ರಾಲಿಯಲ್ಲಿ, ಎರಡನೇ ದಿನ ನೀರು ತುಂಬಿದ 2 ಡ್ರಮ್ಮಿನಲ್ಲಿ, ಮೂರನೇ ದಿನ 4 ಡ್ರಮ್ಮಿನಲ್ಲಿ ಅದೇ ಏರು ಹತ್ತಿಸಿ ಇಳಿಸಿದೆವು. ಹಿಂದೆ ಯಾರೂ ನಡೆಯಬಾರದು ಎಂದು ಮೊದಲೇ ಹೇಳಿ, ಇಬ್ಬರನ್ನೂ ಧರೆಯ ಮೇಲೆ ನಿಲ್ಲಿಸಿದ್ದೆ. ಪಾಚಿಯನ್ನು ಹಿಂದಿನ ದಿನವೇ ಸುಣ್ಣ ಹಾಕಿ ಉಜ್ಜಿಸಿದ್ದೆವು. ಇಳಿದು ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಬೆಚ್ಚಗಿತ್ತು, ಸುಟ್ಟ ವಾಸನೆ ಇರಲಿಲ್ಲ.